ಅಜ್ಜಿಯ ಡಬ್ಬಿಯ ಹತ್ತು ರೂಪಾಯಿ ಯಾವ ಮಿಂಟಿನದು?

ಪ್ರಶ್ನೆ (ಬದಿಯಡ್ಕದಿಂದ): ನಮಸ್ಕಾರ ಅಣ್ಣಾ. ಅಜ್ಜಿಯ ಎಲೆಯಡಿಕೆ ಡಬ್ಬಿಯಲ್ಲಿ ಎರಡು ವಸ್ತು ಸಿಕ್ಕಿವೆ. ಒಂದು ಗಾಂಧೀಜಿ ಮುಖದ ಬೆಳ್ಳಿಯ ಹತ್ತು ರೂಪಾಯಿ, 1869-1948 ಅಂತ ಇದೆ. ಇನ್ನೊಂದು, ಮಿಲಿಟರಿಯಲ್ಲಿದ್ದ ಅಜ್ಜನಿಗೆ ಸ್ವಾತಂತ್ರ್ಯದ 25ನೇ ವರ್ಷಕ್ಕೆ ಕೊಟ್ಟ ಪದಕ. ನಾಣ್ಯದ ಇಸವಿಯ ಕೆಳಗೆ ಒಂದು ಚುಕ್ಕಿ ಇದೆ. ಪೇಟೆಯ ಅಂಗಡಿಯವರೊಬ್ಬರು ಅದು ನಾಣ್ಯ ಅಚ್ಚುಹಾಕಿದ ಟಂಕಸಾಲೆಯ ಗುರುತು, "ನೋಯ್ಡಾ ಮಿಂಟ್, ಭಾರೀ ಅಪರೂಪ" ಅಂದರು. ಹೌದಾ? ಪದಕದಲ್ಲಿ ಗುರುತೇ ಕಾಣುವುದಿಲ್ಲ. ಹುಳಿ ಹಾಕಿ ತಿಕ್ಕಿದರೆ ಕಂಡೀತಾ?

ಉತ್ತರ: ಮೊದಲು ಆ ಹುಳಿಯನ್ನು ಸಾರಿಗೆ ಹಾಕಿ! ತಿಕ್ಕಿ ಹೊಳಪು ಮಾಡಿದ ನಾಣ್ಯವನ್ನು ನಾಣ್ಯ ಸಂಗ್ರಹಿಸುವ ನಮ್ಮವರು ದೂರದಿಂದಲೇ ಗುರುತಿಸುತ್ತಾರೆ, ಬೆಲೆ ಅರ್ಧ ಅಲ್ಲೇ ಹೋಯಿತು.

1869-1948 ಅಂದರೆ ಗಾಂಧೀಜಿ ಹುಟ್ಟಿದ, ತೀರಿಹೋದ ವರ್ಷಗಳು. ನಾಣ್ಯ ಬಂದದ್ದು 1969ರಲ್ಲಿ, ಅವರ ನೂರನೇ ವರ್ಷಕ್ಕೆ. ನೋಯ್ಡಾ ಮಿಂಟ್ ಶುರುವಾದದ್ದೇ 1988ರಲ್ಲಿ. ಇನ್ನು ನೀವೇ ಲೆಕ್ಕ ಹಾಕಿ. ಬೊಂಬಾಯಿಯ ಗುರುತು ಪುಟ್ಟ ವಜ್ರದ ಆಕಾರ, ಸವೆದರೆ ಚುಕ್ಕಿಯ ಹಾಗೇ ಕಾಣುತ್ತದೆ. ಲೆನ್ಸ್ ಇಟ್ಟು ಮೂಲೆಗಳಿವೆಯೋ ನೋಡಿ. ಕಲ್ಕತ್ತದ್ದಾದರೆ ಗುರುತೇ ಇರುವುದಿಲ್ಲ. ಹೈದರಾಬಾದಿನ ನಕ್ಷತ್ರವನ್ನು ಇದರಲ್ಲಿ ಹುಡುಕಬೇಡಿ. ಸಂಗ್ರಹ ಮಾಡುವವರಿಗೆಂದೇ ವಿಶೇಷವಾಗಿ ಅಚ್ಚುಹಾಕಿದ ಪ್ರೂಫ್ ನಾಣ್ಯಕ್ಕೆ ಇಂಗ್ಲಿಷಿನ ಬಿ ಅಕ್ಷರ ಇರುತ್ತದೆ, ಅದು ಡಬ್ಬಿಯಲ್ಲಿ ಸುಮ್ನೆ ಬಿದ್ದಿರುವುದು ಕಡಿಮೆ.

ಪದಕದ ವಿಷಯ ಬೇರೆ. ಅದಕ್ಕೆ ಇಸವಿ ಕೆಳಗಿನ ಗುರುತು ನೋಡಿ ಪ್ರಯೋಜನವಿಲ್ಲ. ಅಂಚನ್ನು ಬೆಳಕಿಗೆ ಹಿಡಿದು ನಿಧಾನ ತಿರುಗಿಸಿ.

ಪ್ರಶ್ನೆ: ನೋಡಿದೆ ಅಣ್ಣಾ. ವಜ್ರವೇ! ಆದರೆ ಮೇಲ್ಗಡೆ ಬೆಸುಗೆಯ ಕಲೆ ಇದೆ. ಅಜ್ಜಿ ಆಚಾರಿಯ ಹತ್ತಿರ ಕೊಂಡಿ ಮಾಡಿಸಿ ಸರಕ್ಕೆ ಹಾಕಿದ್ದರಂತೆ. ಪದಕದ ಅಂಚಿನಲ್ಲಿ ಅಜ್ಜನ ನಂಬರು, ಹೆಸರು ಇದೆ. ಇಷ್ಟು ವರ್ಷ ಯಾರೂ ನೋಡಿರಲಿಲ್ಲ.

ಉತ್ತರ: ಬೆಸುಗೆ ಬಿದ್ದ ಮೇಲೆ ಸಂಗ್ರಹ ಮಾಡುವವರು ಬೆಳ್ಳಿ ಬೆಲೆಗಿಂತ ಜಾಸ್ತಿ ಕೊಡುವುದಿಲ್ಲ. ತೂಕ 15 ಗ್ರಾಂ, ನೂರಕ್ಕೆ 80 ಬೆಳ್ಳಿ, ಅಂದರೆ 12 ಗ್ರಾಂ. ಮಾರುವುದಕ್ಕಿಂತ ಮತ್ತೆ ಸರಕ್ಕೆ ಹಾಕುವುದೇ ಚಂದ ಅಲ್ವಾ?

ಆ ಪದಕವನ್ನು 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದ ಎಲ್ಲ ಸೈನಿಕರಿಗೂ ಕೊಟ್ಟಿದ್ದರು. ಹಾಗಾಗಿ ಪೇಟೆಯಲ್ಲಿ ಅಪರೂಪವೇನಲ್ಲ. ಹೆಸರಿಲ್ಲದ ಖಾಲಿ ಅಂಚಿನದ್ದಾದರೆ ನಕಲೋ ಅಂತ ಅನುಮಾನ ಪಡಬೇಕಿತ್ತು. ನಿಮ್ಮದು ಅಜ್ಜನದ್ದೇ. ರಿಬ್ಬನ್ ಒಗೆಯಬೇಡಿ, ಬಣ್ಣ ಬಿಡುತ್ತದೆ. ನಂಬರನ್ನು ಒಂದು ಕಾಗದದಲ್ಲಿ ಬರೆದಿಡಿ. ಸೈನಿಕರ ಸೇವೆಯ ದಾಖಲೆ ಇಡುವ ಅವರ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಪತ್ರ ಹಾಕುವಾಗ ಮೊದಲು ಕೇಳುವುದು ಅದನ್ನೇ.