ಪದಚರ್ಚೆ: ಗರಂ ಇಂಜಿನ್ನಿನ ಹ್ಯಾಂಡಲ್ಲು - "ತಿರುಗಿಸು" ಅನ್ನಬೇಕೋ, "ಜಗ್ಗು" ಅನ್ನಬೇಕೋ?

ಎಲ್ಲರಿಗೂ ಶರಣು.

ಒಂದು ಚಿಕ್ಕ ಚೀಟಿ ಬರೆಯಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ನಾಲ್ಕೈದು ಪದ ಬೇಕು. ಅದರಲ್ಲಿ ಒಂದು ಕ್ರಿಯಾಪದ ಆಗಲೇ ನಮ್ಮ ಮನೆಯ ಹುಡುಗನ ಮುಂಗೈ ಊದಿಸಿದೆ. ಹಾಗಾಗಿ ಇದು ಬರೀ ಪದದ ಚಪಲ ಅಂದುಕೊಳ್ಳಬೇಡಿ.

ಆಳಂದ ತಾಲ್ಲೂಕಿನ ನಮ್ಮ ಊರಲ್ಲಿ ಕಾಕಾನ ಹತ್ತಿರ ಒಂದು ಹಳೇ ಫೋರ್ಡ್‌ಸನ್ ಟ್ರ್ಯಾಕ್ಟರ್ ಇದೆ. ಮಾಡೆಲ್ ಎನ್. 1929ರಿಂದ 1945ರವರೆಗೆ ತಯಾರಾದದ್ದು ಇದು. ಮೊದಲು ಐರ್ಲೆಂಡಿನ ಕಾರ್ಕ್‌ನಲ್ಲಿ, 1933ರಿಂದ ಇಂಗ್ಲೆಂಡಿನ ಡ್ಯಾಗೆನ್‌ಹ್ಯಾಮ್‌ನಲ್ಲಿ. ಕಾಕಾ ಅದನ್ನು ಸೊಲ್ಲಾಪುರದ ಗುಜರಿಯಿಂದ ತಂದು ಮೂರು ವರ್ಷ ರಿಪೇರಿ ಮಾಡಿದ. ಹೊಲಕ್ಕೆ ಇಳಿಸುವುದಿಲ್ಲ. ಕಾರಹುಣ್ಣಿಮೆ, ಜಾತ್ರೆ ಅಂತ ಊರು ಸುತ್ತಿಸುತ್ತಾನೆ, ಅಷ್ಟೇ. ಬ್ಯಾಟರಿ ಇಲ್ಲ, ಸೆಲ್ಫ್ ಇಲ್ಲ. ರೇಡಿಯೇಟರಿನ ಕೆಳಗೆ ಕಬ್ಬಿಣದ ಹ್ಯಾಂಡಲ್ ಇದೆ. ಪೆಟ್ರೋಲಿನಲ್ಲಿ ಚಾಲೂ ಮಾಡಬೇಕು. ಕಾದ ಮೇಲೆ ಚಿಮಣಿ ಎಣ್ಣೆಗೆ ಬದಲಿಸಬೇಕು.

ಬೆಳಿಗ್ಗೆ ತಣ್ಣಗಿದ್ದಾಗ ಅದು ಎರಡು ಮೂರು ಎಳೆತಕ್ಕೆ ಎದ್ದುಬಿಡುತ್ತದೆ. ತಕರಾರು ಬರುವುದು ಮೆರವಣಿಗೆ ನಡುವೆ ಗುಡಿ ಮುಂದೆ ಹತ್ತು ನಿಮಿಷ ನಿಲ್ಲಿಸಿದಾಗ. ಆಗ ಏನು ಮಾಡಿದರೂ ಏಳುವುದಿಲ್ಲ. ಸುತ್ತ ನೂರು ಜನ, ನೂರು ಸಲಹೆ. ಹಾಗಾಗಿ ಕಾದಾಗ ಹೇಗೆ ಚಾಲೂ ಮಾಡಬೇಕು ಅಂತ ಕನ್ನಡದಲ್ಲಿ ಬರೆದು ಮಡ್‌ಗಾರ್ಡಿನ ಒಳಗೆ ಅಂಟಿಸು ಅಂತ ಕಾಕಾ ನನಗೆ ಹೇಳಿದ. ಓದಿದವನು ನಾನು ತಾನೇ!

ನನ್ನ ಮೊದಲ ಸಾಲು ಹೀಗಿತ್ತು: "ಹಿಡಿಕೆಯನ್ನು ಬಲಕ್ಕೆ ತಿರುಗಿಸಿ." ವ್ಯಾಕರಣದಲ್ಲಿ ತಪ್ಪಿಲ್ಲ. ಎದುರಿಗೆ ನಿಂತು ನೋಡಿದರೆ ಹ್ಯಾಂಡಲ್ ತಿರುಗುವುದು ಗಡಿಯಾರದ ಮುಳ್ಳಿನಂತೆಯೇ. ಕಾಕಾನ ಮೊಮ್ಮಗ ಅದನ್ನು ಓದಿದ, ಮುಷ್ಟಿ ಬಿಗಿಹಿಡಿದು ಗರಗರ ತಿರುಗಿಸಿದ. ಎರಡನೇ ಸುತ್ತಿನಲ್ಲಿ ಕೈ ಮೇಲಿಂದ ಕೆಳಗೆ ಒತ್ತುತ್ತಿದ್ದಾಗ ಇಂಜಿನ್ ಹಿಂದಕ್ಕೆ ಒದೆಯಿತು. ಮೂಳೆ ಮುರಿಯಲಿಲ್ಲ, ಪುಣ್ಯ. ಅವನು ಮಾಡಿದ್ದರಲ್ಲಿ ತಪ್ಪೇನಿಲ್ಲ. ನಾನು ಬರೆದದ್ದನ್ನೇ ಮಾಡಿದ್ದಾನೆ.

ಆವತ್ತು ಸಂಜೆ ಕಾಕಾ ಹೇಳಿದ ಮಾತು ನನ್ನ ತಲೆಯಲ್ಲಿ ಕೂತಿದೆ: "ಅದೇನ್ ಬೀಸೋ ಕಲ್ಲೇನೋ ತಿರಗ್ಸಾಕ? ಮ್ಯಾಲ ಜಗ್ಗಬೇಕದು. ಒಂದೇ ಸಲ. ಜಗ್ಗಿ ಬಿಡಬೇಕು."

ನನ್ನ ಪ್ರಶ್ನೆ ಹುಟ್ಟಿದ್ದೇ ಇಲ್ಲಿ. ಯಂತ್ರದ ಕಣ್ಣಲ್ಲಿ ನೋಡಿದರೆ ಅದು ತಿರುಗುವುದೇ. ಕೈಯ ಕಣ್ಣಲ್ಲಿ ನೋಡಿದರೆ ಎಳೆಯುವುದು. ಹ್ಯಾಂಡಲನ್ನು ಮೆಲ್ಲಗೆ ಸರಿಸುತ್ತಾ ಹೋದರೆ ಒಂದು ಕಡೆ ಬಿಗಿ ಸಿಗುತ್ತದೆ. ಪಿಸ್ಟನ್ ಗಾಳಿಯನ್ನು ಅದುಮುತ್ತಿದೆ ಅಂತ ಅರ್ಥ. ಆಗ ಹಿಡಿ ಕೆಳಗಿರುವ ಹಾಗೆ ಹ್ಯಾಂಡಲನ್ನು ಬಿಡಿಸಿ ಮತ್ತೆ ಕೂಡಿಸಿಕೊಂಡು, ಕೆಳಗಿಂದ ಮೇಲಕ್ಕೆ ಒಮ್ಮೆ ಎಳೆಯಬೇಕು. ಹೆಬ್ಬೆರಳು ಉಳಿದ ಬೆರಳುಗಳ ಪಕ್ಕದಲ್ಲೇ ಇರಬೇಕು, ಹಿಡಿಯನ್ನು ಸುತ್ತಿಕೊಂಡಿರಬಾರದು. ಹಾಗಿದ್ದರೆ ಇಂಜಿನ್ ಹಿಂದಕ್ಕೆ ಒದ್ದರೂ ಹಿಡಿ ಬೆರಳುಗಳಿಂದ ಬಿಡಿಸಿಕೊಂಡು ಹೋಗುತ್ತದೆ. ಕೆಳಕ್ಕೆ ಒತ್ತುತ್ತಿದ್ದರೆ ಹಿಡಿ ನೇರ ಅಂಗೈಗೆ ಬಂದು ಬಡಿಯುತ್ತದೆ. "ತಿರುಗಿಸು" ಅನ್ನುವ ಪದದಲ್ಲಿ ಮೇಲೆ ಎಷ್ಟು, ಕೆಳಗೆ ಎಷ್ಟು ಅನ್ನುವುದೇ ಇಲ್ಲ. ಇಡೀ ಸುತ್ತು ಅದರೊಳಗೆ ಬಂದುಬಿಡುತ್ತದೆ. "ಜಗ್ಗು" ಅಂದರೆ ಕೈ ತನ್ನಷ್ಟಕ್ಕೆ ತನ್ನ ಕಡೆಗೇ ಎಳೆಯುತ್ತದೆ.

ಊರಲ್ಲಿ ಜಾಸ್ತಿ ಕೇಳುವುದು ಮಾತ್ರ "ಹ್ಯಾಂಡಲ್ ಹೊಡಿ" ಅಂತ. ನಮ್ಮ ಕಡೆ "ಹೊಡಿ"ಗೆ ಮಿತಿಯೇ ಇಲ್ಲ. ಗಾಡಿ ಹೊಡಿ, ಕುಂಟಿ ಹೊಡಿ, ಎಡಿ ಹೊಡಿ, ತೊಗರಿಗೆ ಎಣ್ಣಿ ಹೊಡಿ, ಕಿಕ್ ಹೊಡಿ, ಸೆಲ್ಫ್ ಹೊಡಿ. ಏನೇ ಕೆಲಸ ಇದ್ದರೂ ಹೊಡೆದರೆ ಮುಗಿಯಿತು. ಮಾತಿಗೆ ಚೆನ್ನ. ಚೀಟಿಗೆ ಬೇಡ ಅನ್ನಿಸುತ್ತದೆ, ಯಾಕೆಂದರೆ ಹೊಸಬನಿಗೆ ಅದೂ ದಿಕ್ಕು ಹೇಳುವುದಿಲ್ಲ.

ನನ್ನ ಮನಸ್ಸಿಗೆ ಬಂದ ಇನ್ನೊಂದು ಪದ "ಸೇದು". ಬಾವಿಯಿಂದ ನೀರು ಸೇದುವುದು ಕೆಳಗಿಂದ ಮೇಲಕ್ಕೇ. ದಿಕ್ಕು ಪದದೊಳಗೇ ಇದೆ. ಆದರೆ ಹಗ್ಗ ಇಲ್ಲದೆ ಸೇದುವುದು ಏನನ್ನು? ಬೀಡಿಯೊಂದನ್ನೇ. ಕಾಕಾನ ಮುಂದೆ "ಹ್ಯಾಂಡಲ್ ಸೇದು" ಅಂದೆ. ಅವನು ನಕ್ಕ ನಗೆಗೆ ಆ ಪದ ಅಲ್ಲಿಗೇ ಸತ್ತಿತು.

"ಒದೆ" ವಿಷಯದಲ್ಲಿ ನನಗೆ ಗೊಂದಲ ಇಲ್ಲ. "ಇಂಜಿನ್ ಒದೀತದ" ಅಂತಲೇ ಇಲ್ಲಿ ಎಲ್ಲರೂ ಹೇಳುತ್ತಾರೆ. ಹಾಲು ಕರೆಯುವಾಗ ಎಮ್ಮೆ ಒದೆಯುವ ಹಾಗೆ. ಬುಲೆಟ್ ಓಡಿಸುವ ಹುಡುಗರು "ರಿಟರ್ನ್ ಹೊಡೀತು" ಅನ್ನುತ್ತಾರೆ, ಮತ್ತೆ ಅದೇ "ಹೊಡಿ". ಪಿಸ್ಟನ್ ತುದಿ ಮುಟ್ಟುವ ಮೊದಲೇ ಕಿಡಿ ಹಾರಿದರೆ ಬೆಂಕಿ ಪಿಸ್ಟನ್ನನ್ನು ಬಂದ ದಾರಿಗೇ ತಳ್ಳುತ್ತದೆ. ಹಾಗಾಗದಿರಲಿ ಅಂತ, ಬ್ಯಾಟರಿ ಇಲ್ಲದೆಯೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೋ ಜೊತೆ ಒಂದು ಸ್ಪ್ರಿಂಗ್ ಕೂಡಿಸಿರುತ್ತಾರೆ. ಮೆಲ್ಲಗೆ ಎಳೆಯುವಾಗ ಅದು ಮ್ಯಾಗ್ನೆಟೋವನ್ನು ಹಿಡಿದು ನಿಲ್ಲಿಸಿ, ಸರಿಯಾದ ಹೊತ್ತಿಗೆ ತಟ್ಟನೆ ಬಿಡುತ್ತದೆ. ಕಿಡಿಯೂ ಜೋರು, ಹೊತ್ತೂ ತಡ. ಆಗ "ಟಕ್" ಅಂತ ಕೇಳುತ್ತದೆ. ಹಳೇ ಗ್ರೀಸ್ ಗಟ್ಟಿಯಾಗಿ ಅದು ಸಿಕ್ಕಿಕೊಂಡರೆ ಟಕ್ ಇಲ್ಲ. ಟಕ್ ಇಲ್ಲದಿದ್ದರೆ ಒದೆ ಖಚಿತ. ನಮ್ಮದರಲ್ಲಿ ಆಗಿದ್ದೂ ಅದೇ, ನಾವೇ ಸ್ವಚ್ಛ ಮಾಡಿರಲಿಲ್ಲ. ಆ ಭಾಗಕ್ಕೆ ಇಲ್ಲಿನ ಮಿಸ್ತ್ರಿ ಇಟ್ಟಿರುವ ಹೆಸರು "ಟಕ್‌ಟಕಿ". ಇದಕ್ಕಿಂತ ಒಳ್ಳೆ ಪದ ಯಾರೂ ಕೊಡಲಾರರು, ಅದನ್ನೇ ಬರೆಯುತ್ತೇನೆ.

ಈಗ "ಗರಂ". ನಿಜಾಮರ ಕಾಲದ ಉರ್ದು ನಮ್ಮ ಗ್ಯಾರೇಜುಗಳಲ್ಲಿ ಇನ್ನೂ ಗಟ್ಟಿಯಾಗಿ ಕೂತಿದೆ. ಗರಂ, ಥಂಡ, ಚಾಲೂ, ಬಂದ್, ಪುರ್ಜಾ, ಜರಾ. "ಗರಂ ಆಗ್ಯಾದ, ಜರಾ ಥಂಡ ಆಗ್ಲಿ" ಅಂದರೆ ಕಲಬುರಗಿಯಲ್ಲಿ ಯಾರೂ ಅದನ್ನು ಹೊರಗಿನ ಭಾಷೆ ಅನ್ನುವುದಿಲ್ಲ. ಆದರೂ ನನಗೆ "ಕಾದ ಇಂಜಿನ್" ಅಂತ ಬರೆಯುವ ಆಸೆ. ಅದರಲ್ಲೊಂದು ತಮಾಷೆ ಇದೆ. ಕಾಯುವುದು ಅಂದರೆ ಬಿಸಿಯಾಗುವುದು, ಕಾಯುವುದು ಅಂದರೆ ದಾರಿ ನೋಡುತ್ತಾ ಕೂರುವುದು. ಬೇರು ಬೇರೆ ಬೇರೆ. ತಮಿಳಿನಲ್ಲಿ ಬಿಸಿಯದ್ದು "ಕಾಯ್", ಕಾವಲಿನದ್ದು "ಕಾ". ಕನ್ನಡದಲ್ಲಿ ಎರಡೂ ಬಂದು ಒಂದೇ ರೂಪದಲ್ಲಿ ನಿಂತಿವೆ. ಹಾಗಾಗಿ "ಇಂಜಿನ್ ಕಾದಿದೆ, ಕಾಯಿರಿ" ಅಂತ ಬರೆದರೆ ಓದಿದವನು ಇನ್ನಷ್ಟು ಕಾಯಿಸಿಬಿಟ್ಟಾನು! ಇನ್ನು "ಕಾವು" ತೆಗೆದುಕೊಳ್ಳಿ. ಬಿಸಿಯೂ ಕಾವು, ಕೊಡಲಿಯ ಹಿಡಿಯೂ ಕಾವು. ಕೊಡಲಿ ಕಾವು ಕುಲಕ್ಕೆ ಮೃತ್ಯು ಅಂತಾರಲ್ಲ. ಇಲ್ಲಿ ಎರಡು ಕಾವೂ ಒಟ್ಟಿಗೆ ಕೈಗೆ ಬರುತ್ತವೆ.

ಇದನ್ನು ಬರೆಯುವಾಗ ಇನ್ನೊಂದು ನೆನಪಾಯಿತು. ಮುಂಗೈಯಲ್ಲಿ ಹೆಬ್ಬೆರಳ ಕಡೆಯ ಮೂಳೆಯ ತುದಿ ಮುರಿಯುವುದಕ್ಕೆ ಡಾಕ್ಟರುಗಳು "ಶೋಫರ್ ಫ್ರ್ಯಾಕ್ಚರ್", ಅಂದರೆ ಡ್ರೈವರನ ಮುರಿತ, ಅನ್ನುತ್ತಾರೆ. ಹಿಂದೆ ಕಾರುಗಳಿಗೆ ಹ್ಯಾಂಡಲ್ ಹೊಡೆಯುತ್ತಿದ್ದ ಡ್ರೈವರುಗಳಿಗೆ ಈ ಒದೆ ಬಿದ್ದು ಬಿದ್ದು ಆ ಹೆಸರು ಬಂತು. 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ಕರೆಂಟಿನ ಸ್ಟಾರ್ಟರ್ ಬಂದ ಮೇಲೆ ಈ ಪೆಟ್ಟು ಕಡಿಮೆಯಾಗುತ್ತಾ ಹೋಯಿತು. ಹೆಸರು ಮಾತ್ರ ಉಳಿದಿದೆ. ಶೋಫರ್ ಅನ್ನುವ ಫ್ರೆಂಚ್ ಪದದ ಮೂಲ ಅರ್ಥ ಏನು ಗೊತ್ತಾ? ಕಾಯಿಸುವವನು. ಉಗಿ ಯಂತ್ರಕ್ಕೆ ಬೆಂಕಿ ಹಾಕಿ ಕಾಯಿಸುತ್ತಿದ್ದವನು. ಅಂದರೆ ಆ ಮುರಿತಕ್ಕೆ ಕನ್ನಡದಲ್ಲಿ "ಕಾಯಿಸುವವನ ಮುರಿತ" ಅನ್ನಬೇಕು!

ನಿಜವಾಗಿ ತಲೆ ಕೆಡಿಸಿದ ಪದ "ಹವಾ". ಕಾದ ಇಂಜಿನ್ ಏಳದಿದ್ದರೆ ಸುತ್ತ ನಿಂತವರು ಮೊದಲು ಹೇಳುವುದು "ಹವಾ ಹಿಡದದ, ಹವಾ ತಗಿ" ಅಂತ. ಡೀಸೆಲ್ ಪಂಪ್‌ಸೆಟ್ ನೋಡಿ ಬೆಳೆದವರು ಅವರೆಲ್ಲ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿದರೆ ಸ್ಕ್ರೂ ಸಡಿಲಿಸಿ ಗಾಳಿ ತೆಗೆಯಬೇಕು, ಅದು ಸರಿ. ಆದರೆ ಇಲ್ಲಿರುವುದು ಗಾಳಿಯಲ್ಲ, ಆವಿ. ಚಿಮಣಿ ಎಣ್ಣೆ ಚೆನ್ನಾಗಿ ಆವಿಯಾಗಲಿ ಅಂತ ಈ ಟ್ರ್ಯಾಕ್ಟರಿನಲ್ಲಿ ಹೊಗೆಯ ಬಿಸಿಯನ್ನೇ ಎಣ್ಣೆ ಹೋಗುವ ದಾರಿಗೆ ಕೊಟ್ಟಿರುತ್ತಾರೆ. ಓಡುತ್ತಿರುವಾಗ ಫ್ಯಾನ್ ಇರುತ್ತದೆ, ಹೊಸ ಎಣ್ಣೆ ಬರುತ್ತಿರುತ್ತದೆ, ನಡೆಯುತ್ತದೆ. ನಿಲ್ಲಿಸಿದ ಮೇಲೆ ಆ ಕಾವೆಲ್ಲ ಗಾಳಿಗೆ ಎಣ್ಣೆ ಬೆರೆಸುವ ಕಾರ್ಬುರೇಟರಿಗೆ ಏರುತ್ತದೆ. ಪೆಟ್ರೋಲಿನ ಹಗುರ ಅಂಶ 40 ಡಿಗ್ರಿ ಹತ್ತಿರವೇ ಕುದಿಯಲು ಶುರು. ನಮ್ಮಲ್ಲಿ ಮೇ ತಿಂಗಳಲ್ಲಿ ಬೇವಿನ ನೆರಳಲ್ಲೇ ಅಷ್ಟಿರುತ್ತದೆ! ಕಾರ್ಬುರೇಟರಿನ ಬಟ್ಟಲಲ್ಲಿರುವ ಪೆಟ್ರೋಲ್ ಕುದಿದು ಉಕ್ಕಿ ಒಳಗೆ ತುಂಬಿಕೊಳ್ಳುತ್ತದೆ. ಇಂಜಿನ್ನಿಗೆ ಎಣ್ಣೆ ಸಾಲದೆ ಅಲ್ಲ, ಜಾಸ್ತಿಯಾಗಿ ಏಳುವುದಿಲ್ಲ. ಮಿಸ್ತ್ರಿ ಅದಕ್ಕೆ "ಓವರ್ ಆಗ್ಯಾದ" ಅನ್ನುತ್ತಾರೆ. ಕಾಕಾ "ಕುಡದು ಕುಂತದ" ಅನ್ನುತ್ತಾನೆ. ನನ್ನ ಓಟು ಕಾಕಾಗೆ.

ಅದರ ಮೇಲೆ "ಚೋಕ್". "ಚೋಕ್ ಆಗ್ಯಾದ" ಅಂದರೆ ಕಸ ಕಟ್ಟಿದೆ ಅಂತ. "ಚೋಕ್ ಎಳಿ" ಅಂದರೆ ಗಾಳಿ ಮುಚ್ಚಿ ಎಣ್ಣೆ ಜಾಸ್ತಿ ಕೊಡು ಅಂತ. ಹೋದ ಜಾತ್ರೆಯಲ್ಲಿ ಒಬ್ಬರು "ಚೋಕ್ ಆಗಿರಬೇಕು" ಅಂದರು, ಇನ್ನೊಬ್ಬರು ಚೋಕ್ ಎಳೆದೇಬಿಟ್ಟರು. ಮೊದಲೇ ಕುಡಿದು ಕೂತದ್ದಕ್ಕೆ ಇನ್ನೊಂದು ಲೋಟ ಕೊಟ್ಟ ಹಾಗೆ. ಕೊನೆಗೆ ಎತ್ತು ಕಟ್ಟಿ ಎಳೆದುಕೊಂಡು ಬಂದೆವು.

ಈಗಿನ ಕರಡು ಹೀಗಿದೆ:

"ಇಂಜಿನ್ ಗರಂ ಇದ್ದಾಗ: ಗೇರ್ ನ್ಯೂಟ್ರಲ್ ಇರಲಿ. ಚೋಕ್ ಎಳೆಯಬೇಡಿ. ಎಣ್ಣೆಯ ನಲ್ಲಿ ಬಂದ್ ಮಾಡಿ. ಸ್ವಿಚ್ ಬಂದ್ ಮಾಡಿ, ಎಕ್ಸಲೇಟರ್ ಪೂರ್ತಿ ತೆರೆಯಿರಿ, ನಾಲ್ಕೈದು ಸಲ ಜಗ್ಗಿ. ಕುಡಿದದ್ದು ಹೊರಗೆ ಹೋಗುತ್ತದೆ. ಸ್ವಿಚ್ ಬಂದ್ ಇದ್ದರೂ ಕಾದ ಇಂಜಿನ್ ಒದೆಯಬಹುದು. ಹೆಬ್ಬೆರಳು ಸುತ್ತಬೇಡಿ. ಆಮೇಲೆ ಎಕ್ಸಲೇಟರ್ ಕಡಿಮೆ ಮಾಡಿ, ಪೆಟ್ರೋಲಿನ ನಲ್ಲಿ ತೆರೆದು, ಸ್ವಿಚ್ ಹಾಕಿ, ಕೆಳಗಿಂದ ಮೇಲಕ್ಕೆ ಒಂದೇ ಸಲ ಜಗ್ಗಿ. ಟಕ್ ಅನ್ನಬೇಕು. ಟಕ್ ಅನ್ನದಿದ್ದರೆ ಕೈ ಬಿಡಿ, ಕಾಕಾನನ್ನು ಕರೆಯಿರಿ."

ನಿಲ್ಲಿಸುವ ಮೊದಲು ಎರಡು ನಿಮಿಷ ಪೆಟ್ರೋಲಿಗೆ ಬದಲಿಸಿ ಓಡಿಸಬೇಕು ಅನ್ನುವುದನ್ನೂ ಸೇರಿಸಬೇಕು. ಬಟ್ಟಲಲ್ಲಿ ಚಿಮಣಿ ಎಣ್ಣೆ ಉಳಿದರೆ, ಇಂಜಿನ್ ಚೆನ್ನಾಗಿ ಕಾದಿರುವಾಗ ಎದ್ದರೂ ಎದ್ದೀತು. ಅರ್ಧ ಆರಿದ ಮೇಲೆ ಏಳುವುದಿಲ್ಲ. ಈ "ಅರ್ಧ ಆರಿದ" ಸ್ಥಿತಿಗೆ ಒಂದೇ ಪದ ಬೇಕು. ನೀರಿಗಾದರೆ ಉಗುರುಬೆಚ್ಚಗೆ ಅನ್ನಬಹುದು. ಇಂಜಿನ್ನಿಗೆ ಬೆರಳಿಟ್ಟು ಉಗುರುಬೆಚ್ಚಗೆ ಅನ್ನಲು ನನಗೆ ಧೈರ್ಯ ಇಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ಬೀದರ್, ಯಾದಗಿರಿ ಕಡೆಯವರು ಈ ಎಳೆತಕ್ಕೆ "ಜಗ್ಗು" ಅನ್ನುತ್ತೀರೋ, ಬೇರೆ ಏನಾದರೂ ಇದೆಯೋ? ಮೈಸೂರು, ಮಂಡ್ಯದ ಕಡೆಯವರಿಗೆ ಚೀಟಿಯಲ್ಲಿ "ಜಗ್ಗಿ" ಅಂತ ಓದಿದರೆ ಮೇಲಕ್ಕೆ ಎಳೆಯಬೇಕು ಅಂತ ಹೊಳೆಯುತ್ತದೆಯೇ? ಅಥವಾ ಜಗ್ಗುವುದು ಅಂದರೆ ಭಾರಕ್ಕೆ ಕೆಳಗೆ ಬಾಗುವುದು ಅಂತ ಅನ್ನಿಸುತ್ತದೆಯೇ? ಹಾಗೆ ಅನ್ನಿಸಿದರೆ ನಾನು ಮತ್ತೆ ಮೊದಲಿಗೇ ಬಂದ ಹಾಗಾಯಿತು. ಹಳೇ ಡೀಸೆಲ್ ಇಂಜಿನ್ನಿನ ಹಿಟ್ಟಿನ ಗಿರಣಿ ನಡೆಸಿದವರು ಯಾರಾದರೂ ಇದ್ದರೆ ಅವರ ಮಾತು ಮೊದಲು ಬೇಕು.

ಬರುವ ಕಾರಹುಣ್ಣಿಮೆಗೆ ಮೊದಲು ಚೀಟಿ ಅಂಟಿಸಬೇಕಂತೆ. ಕಾಕಾ ದಿನಾ ಕೇಳುತ್ತಿದ್ದಾನೆ.