ಘಾಟಿ ಏರುವಾಗ ಕೆಂಪು ದೀಪ: ಎಂಜಿನ್ ಹೆಡ್ ಬಿಚ್ಚಿಸಲೇಬೇಕೇ?

ತುಂಗಾತೀರ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್ ಎಂಜಿನ್, 78,000 ಕಿಲೋಮೀಟರ್ ಓಡಿದೆ. ಎರಡು ತಿಂಗಳಿಗೊಮ್ಮೆ ತಂದೆಯವರನ್ನು ತಪಾಸಣೆಗೆ ಮಣಿಪಾಲಕ್ಕೆ ಕರೆದೊಯ್ಯುತ್ತೇನೆ. ಉಳಿದ ದಿನಗಳಲ್ಲಿ ಮನೆಯಿಂದ 3 ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬರುವುದಷ್ಟೇ ಅದರ ಓಡಾಟ.

ಕಳೆದ ಗುರುವಾರ ಮಣಿಪಾಲದಿಂದ ಹಿಂದಿರುಗುವಾಗ ಸೋಮೇಶ್ವರ ದಾಟಿ ಆಗುಂಬೆ ಘಾಟಿ ಏರುತ್ತಿದ್ದೆವು. ಎಸಿ ಹಾಕಿತ್ತು, ಮುಂದೆ ಮಿನಿ ಬಸ್ಸೊಂದು ತೆವಳುತ್ತಿತ್ತು. ಒಂಬತ್ತನೆಯ ತಿರುವಿನ ಹತ್ತಿರ ಉಷ್ಣತೆಯ ಕೆಂಪು ದೀಪ ಹತ್ತಿತು. ಪಕ್ಕದ ಸೀಟಿನಲ್ಲಿ ತಂದೆ ಮಲಗಿದ್ದರು, ಹೊರಗೆ ಕತ್ತಲಾಗುತ್ತಿತ್ತು. ಜೀವ ಬಾಯಿಗೆ ಬಂದಂತಾಯಿತು. ಜಾಗ ಸಿಕ್ಕಲ್ಲಿ ನಿಲ್ಲಿಸಿ ಬಾನೆಟ್ ಎತ್ತಿದೆ. ಹಬೆ ಕಾಣಲಿಲ್ಲ, ಆದರೆ ಎಂಜಿನ್ನನ್ನು ತಣ್ಣಗಿಡುವ ದ್ರವವಾದ ಕೂಲಂಟ್‌ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಳುಗುಳು ಸದ್ದಾಗುತ್ತಿತ್ತು. ನಲವತ್ತು ನಿಮಿಷ ಕಾದು, ಎಸಿ ಇಲ್ಲದೆ ಹೇಗೋ ಮನೆ ಸೇರಿದೆವು.

ಮರುದಿನ ಗ್ಯಾರೇಜಿನಲ್ಲಿ ಎಂಜಿನ್ ಆಯಿಲ್ ಹಾಕುವ ಮುಚ್ಚಳ ತೆಗೆದು, ಅದರ ಒಳಭಾಗಕ್ಕೆ ಮೆತ್ತಿದ್ದ ಬಿಳಿ ಕೆನೆಯಂಥ ಪದಾರ್ಥವನ್ನು ತೋರಿಸಿದರು. ಆಯಿಲ್‌ಗೆ ನೀರು ಸೇರುತ್ತಿದೆ, ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಇರುವ ಹೆಡ್ ಗ್ಯಾಸ್ಕೆಟ್ ಎಂಬ ಬಿಗಿಪಟ್ಟಿ ಹೋಗಿದೆ, ಹೆಡ್ ಬಿಚ್ಚಿ ಲೇಥ್‌ಗೆ ಕಳಿಸಬೇಕು, ಎಲ್ಲ ಸೇರಿ 34,000 ರೂಪಾಯಿ ಎಂದರು. ಡಬ್ಬಿಯಲ್ಲಿ ಕೂಲಂಟ್ ಮೇಲಿನ ಗೆರೆಯನ್ನೂ ಮೀರಿ ತುಂಬಿದೆ, ಒಂದು ಹನಿಯೂ ಕಡಿಮೆಯಾಗಿಲ್ಲ. ಹಾಗಿದ್ದರೆ ನೀರು ಆಯಿಲ್‌ಗೆ ಹೋಗುವುದಾದರೂ ಎಲ್ಲಿಂದ? ಮುಂದಿನ ತಪಾಸಣೆ 20ನೇ ತಾರೀಖಿಗಿದೆ. ದಯವಿಟ್ಟು ತಿಳಿದವರು ಹೇಳಿ.

ಹುಬ್ಬಳ್ಳಿ ಚಕ್ರ · ಭಾನುವಾರ ರಾತ್ರಿ

ಮೇಡಂ, ನಮ್ಮ ಊರಿನ ಬಿಸಿಲಿನಲ್ಲಿ ನನ್ನ ಕಾರಿಗೂ ಇದೇ ತೊಂದರೆ ಇತ್ತು. ಎಂಜಿನ್ ಕಾಯುವವರೆಗೆ ಕೂಲಂಟನ್ನು ತಡೆಹಿಡಿಯುವ ಥರ್ಮೋಸ್ಟಾಟ್ ಎಂಬ ಕವಾಟವನ್ನೇ ತೆಗೆಸಿಬಿಟ್ಟೆ. ಎರಡು ವರ್ಷದಿಂದ ಕೆಂಪು ದೀಪವನ್ನೇ ನೋಡಿಲ್ಲ. ಅರ್ಧ ಗಂಟೆಯ ಕೆಲಸ, ಖರ್ಚೂ ಇಲ್ಲ.

ಡಿಪೋ ನಿವೃತ್ತ · ಸೋಮವಾರ ಬೆಳಿಗ್ಗೆ

ಟೀಚರ್, ಮೊದಲು ಒಂದು ಮಾತು. ಹೆಡ್ ಬಿಚ್ಚಲು ಈಗಲೇ ಒಪ್ಪಬೇಡಿ. ಬಸ್ ಡಿಪೋದಲ್ಲಿ 28 ವರ್ಷ ಮೆಕ್ಯಾನಿಕ್ ಆಗಿದ್ದವನು ನಾನು, ಅದರಲ್ಲಿ ಹೆಚ್ಚಿನ ವರ್ಷ ಘಾಟಿ ಮಾರ್ಗದ ಗಾಡಿಗಳನ್ನೇ ನೋಡಿಕೊಂಡಿದ್ದೇನೆ. ನಿಮ್ಮ ಬರಹದಲ್ಲಿರುವ ಎರಡು ಸಂಗತಿಗಳು ಬೇರೆಯೇ ಕಥೆ ಹೇಳುತ್ತಿವೆ.

ಒಂದು, ಆ ಬಿಳಿ ಕೆನೆ. ಒಂದು ಸಲಕ್ಕೆ 3 ಕಿಲೋಮೀಟರ್ ಓಡಿ ನಿಲ್ಲುವ ಎಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಾವಿಯಲ್ಲಿ ಸ್ವಲ್ಪ ಭಾಗ ಪಿಸ್ಟನ್ ಪಕ್ಕದಿಂದ ಕೆಳಗಿಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದು ಆವಿಯಾಗಿ ಹೊರಟುಹೋಗುತ್ತದೆ. ಕಾಯದಿದ್ದರೆ ಎಲ್ಲಕ್ಕಿಂತ ತಣ್ಣಗಿರುವ ಜಾಗದಲ್ಲಿ, ಅಂದರೆ ಮುಚ್ಚಳದ ಒಳಗೆ, ಆಯಿಲ್ ಜೊತೆ ಕಲೆತು ಕೆನೆಗಟ್ಟುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಹತ್ತಿರದ ಓಡಾಟಕ್ಕಷ್ಟೇ ಬಳಸುವ ಕಾರುಗಳ ಮುಚ್ಚಳ ತೆಗೆದು ನೋಡಿ, ಎಷ್ಟೋ ಕಾರುಗಳಲ್ಲಿ ಇದು ಸಿಗುತ್ತದೆ. ನಿಜವಾಗಿ ನೀರು ಸೇರಿದ್ದರೆ ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್‌ನಲ್ಲಿ ಬರುವ ಆಯಿಲೇ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ, ಆಯಿಲ್ ಮಟ್ಟವೂ ಏರಿರುತ್ತದೆ. ಮುಚ್ಚಳವೊಂದನ್ನೇ ನೋಡಿ ಹೆಡ್ ಬಿಚ್ಚುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಎರಡು, ಮೇಲಿನ ಗೆರೆ ಮೀರಿ ತುಂಬಿರುವ ಡಬ್ಬಿ. ಇದನ್ನು ನೋಡಿ ನೀವು ಸಮಾಧಾನಪಟ್ಟಿದ್ದೀರಿ, ನನಗೆ ಇದೇ ಅನುಮಾನ. ನಿಮ್ಮಂಥ ಕಾರುಗಳಲ್ಲಿ ಕೂಲಂಟನ್ನು ತಣ್ಣಗಾಗಿಸುವ ರೇಡಿಯೇಟರ್ ಮೇಲೆ ಬೇರೆಯದೇ ಲೋಹದ ಮುಚ್ಚಳವಿರುತ್ತದೆ. ಅದರ ಮೇಲೆ 0.9 ಅಥವಾ 1.1 ಎಂಬ ಅಂಕಿ ಅಚ್ಚಾಗಿರುತ್ತದೆ. ಅಷ್ಟು ಬಾರ್ ಒತ್ತಡದವರೆಗೆ ಅದು ಒಳಗಿನ ನೀರನ್ನು ಬಿಗಿಹಿಡಿಯುತ್ತದೆ. ಕುಕ್ಕರಿನ ಲೆಕ್ಕವೇ ಇಲ್ಲಿಯೂ: 1.1 ಬಾರ್ ಇದ್ದರೆ ನೀರು ಕುದಿಯಲು 120 ಡಿಗ್ರಿಯ ಹತ್ತಿರ ಹೋಗಬೇಕು. ಎಂಜಿನ್ ಬಿಸಿಯಾದಂತೆ ಹಿಗ್ಗಿದ ಕೂಲಂಟ್ ಮುಚ್ಚಳವನ್ನು ತಳ್ಳಿ ಸಣ್ಣ ಪೈಪಿನ ಮೂಲಕ ಡಬ್ಬಿಗೆ ಹೋಗುತ್ತದೆ. ರಾತ್ರಿ ತಣ್ಣಗಾದಾಗ ಒಳಗೆ ಹೀರುವಿಕೆ ಉಂಟಾಗಿ ಅದೇ ಕೂಲಂಟ್ ಮರಳಿ ಬರಬೇಕು. ಮುಚ್ಚಳದ ರಬ್ಬರ್ ಹರಿದಿದ್ದರೆ ಅಥವಾ ಸಣ್ಣ ಪೈಪ್ ಸೀಳಿದ್ದರೆ ಕೂಲಂಟ್ ಬದಲು ಗಾಳಿ ಒಳಗೆ ಬರುತ್ತದೆ. ಹೀಗೆ ದಿನವೂ ಸ್ವಲ್ಪ ಸ್ವಲ್ಪ ಹೊರಗೆ ಹೋಗಿ, ಡಬ್ಬಿ ತುಂಬಿ ತುಳುಕುತ್ತದೆ, ರೇಡಿಯೇಟರ್ ಬರಿದಾಗುತ್ತದೆ. ಡಬ್ಬಿಯನ್ನಷ್ಟೇ ನೋಡುವವರಿಗೆ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ.

ನಾಳೆ ಬೆಳಿಗ್ಗೆ, ಕಾರು ರಾತ್ರಿಯಿಡೀ ನಿಂತಿದ್ದು ಪೂರ್ತಿ ತಣ್ಣಗಿರುವಾಗ ಮಾತ್ರ, ರೇಡಿಯೇಟರ್ ಮುಚ್ಚಳ ತೆಗೆದು ನೋಡಿ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ನನ್ನ ಜೊತೆಗಾರನೊಬ್ಬನ ಮೊಣಕೈಯವರೆಗೆ ಚರ್ಮ ಸುಲಿದದ್ದನ್ನು ಕಣ್ಣಾರೆ ನೋಡಿದ್ದೇನೆ. ಡಿಪ್‌ಸ್ಟಿಕ್ ಎಳೆದು ಆಯಿಲ್ ಬಣ್ಣವನ್ನೂ ನೋಡಿ. ಕಾರು ಶುರುಮಾಡಿ ಎಸಿ ಹಾಕಿದಾಗ ಮುಂದಿನ ಫ್ಯಾನ್ ತಿರುಗುತ್ತದೆಯೇ ತಿಳಿಸಿ.

ಹುಬ್ಬಳ್ಳಿಯವರೇ, ನಿಮ್ಮ ಸಲಹೆ ಸದುದ್ದೇಶದ್ದೇ, ಆದರೆ ಟೀಚರ್ ಕಾರಿಗೆ ಅದು ಕೆಡುಕು. ಥರ್ಮೋಸ್ಟಾಟ್ ಇಲ್ಲದಿದ್ದರೆ ಎಂಜಿನ್ ಬಿಸಿಯಾಗಲು ಇನ್ನೂ ತಡವಾಗುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದುಕೊಂಡು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಮೈಲೇಜ್ ಇಳಿಯುತ್ತದೆ, ಆ ಬಿಳಿ ಕೆನೆ ಇಮ್ಮಡಿಯಾಗುತ್ತದೆ. ನಿಮ್ಮ ಕಾರಿಗೂ ಹೊಸದೊಂದನ್ನು ಹಾಕಿಸಿ.

ತುಂಗಾತೀರ · ಮಂಗಳವಾರ ಬೆಳಿಗ್ಗೆ

ಸರ್, ನೀವು ಹೇಳಿದಂತೆಯೇ ಇದೆ! ಮುಚ್ಚಳ ತೆಗೆದರೆ ರೇಡಿಯೇಟರಿನಲ್ಲಿ ಕೂಲಂಟ್ ಕಾಣಿಸಲೇ ಇಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ತುಕ್ಕಿನ ಬಣ್ಣದ ತೇವ ಮಾತ್ರ. ಅಳತೆಯ ಲೋಟದಲ್ಲಿ ಬ್ಯಾಟರಿಗೆ ಹಾಕುವ ಶುದ್ಧ ನೀರನ್ನು ಸುರಿದೆ, ತುಂಬಲು 1.3 ಲೀಟರ್ ಬೇಕಾಯಿತು. ಮುಚ್ಚಳದ ರಬ್ಬರ್ ಬಳೆ ಗಟ್ಟಿಯಾಗಿ ಒಂದು ಕಡೆ ಸೀಳಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಕಂದು ಬಣ್ಣದ್ದೇ, ಹಾಲಿನಂತಿಲ್ಲ. ಎಸಿ ಹಾಕಿದರೆ ಫ್ಯಾನ್ ತಿರುಗುತ್ತದೆ.

ಒಂದು ತಪ್ಪನ್ನೂ ಹೇಳಿಬಿಡಬೇಕು. ಎರಡು ವರ್ಷದ ಹಿಂದೆ ಡಬ್ಬಿಯಲ್ಲಿ ಕಡಿಮೆಯಿದೆ ಎಂದು ಮನೆಯ ಕೊಳವೆಬಾವಿಯ ನೀರನ್ನೇ ಹಾಕಿದ್ದೆ. ನಮ್ಮ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಬಕೆಟ್ಟಿಗೂ ಕೆಂಪು ಕಲೆ ಕಟ್ಟುತ್ತದೆ.

ಈಗ ಹೆಡ್ ಗ್ಯಾಸ್ಕೆಟ್ ಸರಿಯಿದೆ ಎಂದು ಖಚಿತವಾಯಿತೇ?

ಡಿಪೋ ನಿವೃತ್ತ · ಮಂಗಳವಾರ ಮಧ್ಯಾಹ್ನ

ಇನ್ನೂ ಇಲ್ಲ, ಟೀಚರ್. ಕೂಲಂಟ್ ಇಲ್ಲದೆ ಕಾದ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ ಡೊಂಕಾಗಿರುವ ಸಾಧ್ಯತೆ ಇದ್ದೇ ಇದೆ. ಕೂಲಂಟ್ ಇರಬೇಕಾದ ಜಾಗದಲ್ಲಿ ಗಾಳಿಯಿದ್ದರೆ ಸಂವೇದಕಕ್ಕೂ ನಿಜವಾದ ಬಿಸಿ ತಡವಾಗಿ ತಿಳಿಯುತ್ತದೆ. ನೀವು ದೀಪ ಹತ್ತಿದ ಕೂಡಲೇ ನಿಲ್ಲಿಸಿದಿರಿ, ಅದು ದೊಡ್ಡ ಉಪಕಾರವಾಗಿದೆ.

ಖಚಿತಪಡಿಸಿಕೊಳ್ಳಲು ದಾರಿಯಿದೆ. ಹೊಸ ಮುಚ್ಚಳ ಹಾಕಿ, ಒಂದು ದಿನ ಓಡಿಸಿ, ಮರುದಿನ ಬೆಳಿಗ್ಗೆ ಮೇಲಿನ ದಪ್ಪ ರಬ್ಬರ್ ಪೈಪನ್ನು ಹಿಚುಕಿ ನೋಡಿ. ರಾತ್ರಿಯಿಡೀ ತಣ್ಣಗಾದ ಮೇಲೂ ಅದು ಕಲ್ಲಿನಂತೆ ಬಿಗಿಯಾಗಿದ್ದರೆ ಸಿಲಿಂಡರಿನ ಒತ್ತಡ ಒಳಗೆ ನುಗ್ಗುತ್ತಿದೆ ಎಂದರ್ಥ. ಆಮೇಲೆ ಗ್ಯಾರೇಜಿನಲ್ಲಿ ಹೊಗೆ ಪರೀಕ್ಷೆ ಕೇಳಿ, ಪ್ರಮಾಣಪತ್ರಕ್ಕೆ ಮಾಡಿಸುವ ಹೊಗೆ ತಪಾಸಣೆಯಲ್ಲ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ಕೊಳವೆ ಇಟ್ಟು ಒಳಗಿನ ಗಾಳಿಯನ್ನು ಎಳೆಯುತ್ತಾರೆ. ಉರಿದ ಅನಿಲ ಸೋರುತ್ತಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ 34,000 ನಿಮ್ಮ ಬಳಿಯೇ ಇರಲಿ.

ತುಕ್ಕು ನೀರನ್ನು ಪೂರ್ತಿ ತೆಗೆಸಿ, ಶುದ್ಧ ನೀರಿನಲ್ಲಿ ಎರಡು ಮೂರು ಸಲ ತೊಳೆಸಿ. ಕಾರಿನ ಕೈಪಿಡಿಯಲ್ಲಿ ಹೇಳಿರುವ ಬಗೆಯ ಕೂಲಂಟನ್ನೇ ಹಾಕಿಸಿ. ಹಸಿರು, ಕೆಂಪು ಎಂಬ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣ ಬರೀ ಬಣ್ಣ. ಗಟ್ಟಿ ಕೂಲಂಟ್ ಆದರೆ ಅರ್ಧಕ್ಕರ್ಧ ಶುದ್ಧ ನೀರು, ಮೊದಲೇ ಬೆರೆಸಿದ್ದಾದರೆ ಒಂದು ಹನಿಯೂ ಬೇಡ. ತುಂಬುವಾಗ ಹೀಟರ್ ಪೂರ್ತಿ ತಿರುಗಿಸಿ, ಮುಚ್ಚಳ ತೆರೆದಿಟ್ಟು, ಫ್ಯಾನ್ ತಾನಾಗಿ ಎರಡು ಸಲ ಬಂದು ನಿಲ್ಲುವವರೆಗೆ ಎಂಜಿನ್ ಓಡಲಿ. ಒಳಗೆ ಸಿಕ್ಕಿಕೊಂಡ ಗಾಳಿ ಹೊರಬರಬೇಕು.

ಹಳೆಯ ಕೂಲಂಟನ್ನು ಅಂಗಳಕ್ಕೆ ಚೆಲ್ಲಲು ಬಿಡಬೇಡಿ. ಅದು ರುಚಿಯಲ್ಲಿ ಸಿಹಿ, ಆದರೆ ವಿಷ. ನಾಯಿ, ದನಕರುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ.

ಕರಾವಳಿ ಸಾರಥಿ · ಮಂಗಳವಾರ ರಾತ್ರಿ

ಅಕ್ಕ, ಉಡುಪಿಯಿಂದ ಬಾಡಿಗೆ ಕಾರಿನಲ್ಲಿ ವಾರಕ್ಕೆರಡು ಸಲ ಆಗುಂಬೆ ಹತ್ತುತ್ತೇನೆ. ಆ ಹದಿನಾಲ್ಕು ತಿರುವುಗಳಲ್ಲಿ ಎಂಜಿನ್ನಿಗೆ ಭಾರ ಹೆಚ್ಚು, ಎದುರಿನಿಂದ ಬರುವ ಗಾಳಿ ಕಡಿಮೆ. ಮೂರನೆಯ ಗೇರಿನಲ್ಲಿ ಎಂಜಿನ್ ನರಳುವಂತೆ ಓಡಿಸಬೇಡಿ. ಎರಡಕ್ಕೆ ಇಳಿಸಿದರೆ ಎಂಜಿನ್ ಹಗುರಾಗಿ ತಿರುಗುತ್ತದೆ, ನೀರಿನ ಪಂಪ್ ಕೂಡ ಅದರ ಜೊತೆಗೆ ಜೋರಾಗಿ ತಿರುಗುತ್ತದೆ. ಬಿಸಿ ಏರುತ್ತಿದೆ ಅನಿಸಿದರೆ ಎಸಿ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಗಾಜು ಇಳಿಸಿ. ನಾಲ್ಕು ನಿಮಿಷ ಬೆವರಬೇಕಾಗುತ್ತದೆ, ಆದರೆ ಎಂಜಿನ್ನಿನ ಬಿಸಿ ಒಳಗೆ ಬಂದು ಅಷ್ಟು ಇಳಿಯುತ್ತದೆ. ಮುಂದಿನ ವಾಹನದ ಬಾಲ ಹಿಡಿಯದೆ ಸ್ವಲ್ಪ ಅಂತರ ಬಿಡಿ.

ತುಂಗಾತೀರ · ಮರುವಾರ ಶನಿವಾರ

ಕೆಲಸ ಮುಗಿಯಿತು. ಖರ್ಚನ್ನು ಬರೆಯುತ್ತಿದ್ದೇನೆ, ಬೇರೆಯವರಿಗೂ ಅಂದಾಜು ಸಿಗಲಿ. ರೇಡಿಯೇಟರ್ ಮುಚ್ಚಳ 290 ರೂಪಾಯಿ. ಗಟ್ಟಿ ಕೂಲಂಟ್ 2 ಲೀಟರ್ 760. ಶುದ್ಧ ನೀರು, ತೊಳೆಯಲೂ ಸೇರಿ, 15 ಲೀಟರ್ 300. ಸಣ್ಣ ಪೈಪ್ 120. ಕೂಲಿ 800. ಒಟ್ಟು 2,270. ಹೊಗೆ ಪರೀಕ್ಷೆಗೆ ಶಿವಮೊಗ್ಗಕ್ಕೇ ಹೋಗಬೇಕಾಯಿತು, ಅಲ್ಲಿ 500 ತೆಗೆದುಕೊಂಡರು. ಹತ್ತು ನಿಮಿಷ ಕಣ್ಣು ಮಿಟುಕಿಸದೆ ನೋಡಿದೆ. ದ್ರವ ನೀಲಿಯಾಗಿಯೇ ಉಳಿಯಿತು.

ತೊಳೆದಾಗ ಮೊದಲು ಬಂದ ನೀರು ಕೆಮ್ಮಣ್ಣಿನ ಹೊಳೆಯಂತಿತ್ತು. ನಾನು ಹಾಕಿದ ಆ ಒಂದು ಚೊಂಬು ನೀರಿನದೂ ಅದರಲ್ಲಿ ಪಾಲಿದೆ ಎಂದು ನೋವಾಯಿತು. ಎಸಿಯ ಜಾಲರಿಗೂ ರೇಡಿಯೇಟರಿಗೂ ನಡುವೆ ಸತ್ತ ಹುಳು, ಒಣಗಿದ ಕೆಸರು ಸೇರಿಕೊಂಡಿತ್ತು. ಅದನ್ನು ಹಿಂಬದಿಯಿಂದ ಮೆಲ್ಲಗೆ ನೀರು ಬಿಟ್ಟು ತೆಗೆದರು.

ಹುಬ್ಬಳ್ಳಿ ಚಕ್ರ · ಶನಿವಾರ

ನನ್ನ ಕಾರಿಗೂ ಹೊಸ ಥರ್ಮೋಸ್ಟಾಟ್ ಹಾಕಿಸಿದೆ, ಸರ್. ಬಿಚ್ಚಿ ನೋಡಿದಾಗ ತಿಳಿಯಿತು, ನನ್ನ ರೇಡಿಯೇಟರಿನ ಕೆಳಗಿನ ಅರ್ಧ ಕಟ್ಟಿಕೊಂಡಿತ್ತು. ಕಾಯಿಲೆಯನ್ನು ಎರಡು ವರ್ಷ ಮುಚ್ಚಿಟ್ಟಿದ್ದೆ, ಅಷ್ಟೇ. ಮೇಡಂ, ನಿಮಗೆ ಕೊಟ್ಟ ಸಲಹೆಯನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ತುಂಗಾತೀರ · 21ನೇ ತಾರೀಖು

ನಿನ್ನೆ ಮಣಿಪಾಲಕ್ಕೆ ಹೋಗಿ ಬಂದೆವು. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚುವ ಎಂಜಿನ್ನಿನ ಉಷ್ಣತೆಯನ್ನು ಮೊಬೈಲಿನಲ್ಲಿ ತೋರಿಸುವ ಸಣ್ಣ ಓಬಿಡಿ ಸಾಧನವನ್ನು 700 ರೂಪಾಯಿಗೆ ತರಿಸಿದ್ದೆ. ತಂದೆ ಮೊಬೈಲ್ ಹಿಡಿದುಕೊಂಡು ಪ್ರತಿ ತಿರುವಿಗೂ ಉಷ್ಣತೆಯನ್ನು ಓದಿ ಹೇಳಿದರು. ಸೋಮೇಶ್ವರದಲ್ಲಿ 91, ಒಂಬತ್ತನೆಯ ತಿರುವಿನಲ್ಲಿ 97, ಮೇಲಿನ ಸೂರ್ಯಾಸ್ತದ ಕಟ್ಟೆಯ ಹತ್ತಿರ 98. ಫ್ಯಾನ್ ಬಂದು 93ಕ್ಕೆ ಇಳಿಸಿತು. ಎರಡನೆಯ ಗೇರಿನಲ್ಲೇ ಹತ್ತಿದೆ, ಎಸಿ ಹಾಕಲಿಲ್ಲ.

ಇಂದು ಬೆಳಿಗ್ಗೆ ಮೇಲಿನ ಪೈಪ್ ಮೆತ್ತಗಿತ್ತು. ಮುಚ್ಚಳ ತೆಗೆದರೆ ಕೂಲಂಟ್ ಕಂಠದವರೆಗೆ ಇದೆ. ಡಬ್ಬಿಯಲ್ಲಿ ನಾನು ಹಾಕಿದ್ದ ಪೆನ್ನಿನ ಗುರುತಿನಲ್ಲೇ ನಿಂತಿದೆ. ಸರ್, ಇನ್ನು ಎಷ್ಟು ದಿನಕ್ಕೊಮ್ಮೆ ನೋಡಬೇಕು?

ಡಿಪೋ ನಿವೃತ್ತ · 21ನೇ ತಾರೀಖು

ತುಂಬ ಸಂತೋಷ, ಟೀಚರ್. ಒಂದು ತಿಂಗಳು ವಾರಕ್ಕೊಮ್ಮೆ, ಆಮೇಲೆ ಘಾಟಿ ಇಳಿಯುವ ಹಿಂದಿನ ದಿನ. ಡಬ್ಬಿಯ ಜೊತೆ ರೇಡಿಯೇಟರನ್ನೂ ನೋಡಿ, ತಣ್ಣಗಿರುವಾಗ. ಭಾನುವಾರ ಒಮ್ಮೆ ಇಪ್ಪತ್ತು ಕಿಲೋಮೀಟರ್ ಸುತ್ತಿಸಿ ತನ್ನಿ, ಆಯಿಲ್ ಮುಚ್ಚಳದ ಕೆನೆ ತಾನಾಗಿ ಕರಗುತ್ತದೆ. ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.