ಗಾಳಿ ತುಂಬುವ ಜಿಮ್ನಾಸ್ಟಿಕ್ಸ್ ಮ್ಯಾಟ್: ಟೆರೇಸಾ, ಅಂಗಳವಾ, ಹುಲ್ಲಾ?

ಕೇಳಿದವರು: ಮೈಸೂರಿನ ಒಬ್ಬ ಅಮ್ಮ
ಮಗಳಿಗೆ ಒಂಬತ್ತು ವರ್ಷ. ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಸೇರಿ ವರ್ಷ ಆಯಿತು, ಮನೆಯಲ್ಲಿ ನಡೆದಾಡುವುದೇ ಕಡಿಮೆ, ಬರೀ ಕಾರ್ಟ್‌ವೀಲ್ (ಕೈಯೂರಿ ಪಕ್ಕಕ್ಕೆ ಚಕ್ರದಂತೆ ತಿರುಗುವುದು). ಅವಳ ಸೋದರಮಾವ 3 ಮೀಟರ್ ಉದ್ದ, 1 ಮೀಟರ್ ಅಗಲ, 10 ಸೆಂ.ಮೀ. ದಪ್ಪದ ಏರ್ ಟ್ರ್ಯಾಕ್, ಅಂದರೆ ಗಾಳಿ ತುಂಬುವ ಮ್ಯಾಟ್, ತಂದುಕೊಟ್ಟಿದ್ದಾನೆ. ಹಾಲ್‌ನಲ್ಲಿ ಹಾಸಿದರೆ ಸುತ್ತ ಜಾಗವೇ ಉಳಿಯುವುದಿಲ್ಲ. ಟೆರೇಸ್ ಇದೆ, ಕಾರು ನಿಲ್ಲಿಸುವ ಸಿಮೆಂಟ್ ಅಂಗಳ ಇದೆ, ಮನೆ ಹಿಂದೆ ಸ್ವಲ್ಪ ಹುಲ್ಲಿದೆ. ಎಲ್ಲಿ ಹಾಸಲಿ? ಬಳಸಿದವರು ಹೇಳಿ.

ಬೆಂಗಳೂರು, ಇಬ್ಬರು ಮಕ್ಕಳ ಅಪ್ಪ
ಟೆರೇಸ್ ಬೇಡವೇ ಬೇಡ ಮೇಡಂ. ನಾವು ಹಾಸಿದ್ದೆವು. ಎರಡನೇ ದಿನವೇ ದೊಡ್ಡವನು ಓಡಿಬಂದು ಪಲ್ಟಿ ಹೊಡೆದವನು ಸೊಟ್ಟಗೆ ಹೋಗಿ ಪ್ಯಾರಾಪೆಟ್‌ಗೆ ತಾಗಿ ನಿಂತ. ನನಗೆ ಇವತ್ತಿಗೂ ಅದನ್ನು ನೆನೆದರೆ ಕೈ ತಣ್ಣಗಾಗುತ್ತದೆ. ಆಮೇಲೆ ಮ್ಯಾಟನ್ನು ಮಡಚದೆ ಅಲ್ಲೇ ಬಿಟ್ಟಿದ್ದೆವು. ಆಷಾಢದ ಗಾಳಿಗೆ ಅದು ಹಾರಿ ಪಕ್ಕದ ಮನೆಯ ಸೋಲಾರ್ ಮೇಲೆ ಕೂತಿತ್ತು! ಮಕ್ಕಳು ಇಳಿದ ತಕ್ಷಣ ಗಾಳಿ ಬಿಟ್ಟುಬಿಡಿ.

ಗದಗ
ಹುಲ್ಲೇ ಒಳ್ಳೆಯದು ಅಕ್ಕಾರೆ, ಆದರೆ ನೆಗ್ಗಿಲು ಮುಳ್ಳು ನೋಡಿಕೊಳ್ಳಿ. ಸೈಕಲ್ ಟ್ಯೂಬನ್ನೇ ಬಿಡದ ಮುಳ್ಳು ಅದು. ನಾನು ಮೊದಲು ಕಸಬರಿಗೆಯಿಂದ ಗುಡಿಸಿ, ಬರಿಗೈಯಲ್ಲಿ ಒಂದು ಸಲ ಸವರಿ, ಮೇಲೆ ದಪ್ಪ ತಾಡಪತ್ರಿ, ಅದರ ಮೇಲೆ ಹಳೇ ಜಮಖಾನ, ಆಮೇಲೆ ಮ್ಯಾಟ್. ಹುಡುಗಿಯರ ಗೆಜ್ಜೆ, ಬಳೆ, ಹೇರ್‌ಪಿನ್ ಎಲ್ಲ ಮೊದಲೇ ತೆಗೆಸಿ. ನಮ್ಮ ಮ್ಯಾಟಿಗೆ ತೂತು ಬಿದ್ದದ್ದು ಮುಳ್ಳಿನಿಂದಲ್ಲ, ಹೇರ್‌ಪಿನ್ನಿಂದ.

ದಾವಣಗೆರೆ, ಫಿಸಿಕ್ಸ್ ಮೇಷ್ಟ್ರು
ಬಿಸಿಲಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ಈ ಮ್ಯಾಟ್ ಬಲೂನಿನಂತೆ ಹಿಗ್ಗುವುದಿಲ್ಲ. ಮೇಲಿನ ಪದರವನ್ನೂ ಕೆಳಗಿನ ಪದರವನ್ನೂ ಒಳಗೆ ಸಾವಿರಾರು ದಾರಗಳು ಹಿಡಿದಿರುತ್ತವೆ, ಅದಕ್ಕೇ ಅದು ಹಲಗೆಯಂತೆ ಸಮತಟ್ಟು. ಬೆಳಗ್ಗೆ 25 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಬಿಸಿಲಿಗೆ 50 ಡಿಗ್ರಿಗೆ ಏರಿತು ಅಂದುಕೊಳ್ಳಿ. ಒಳಗಿನ ಒಟ್ಟು ಒತ್ತಡ ಶೇ. 8ರಷ್ಟು ಏರುತ್ತದೆ. ಇಷ್ಟೇನಾ ಅನ್ನಬೇಡಿ. ಹೊರಗಿನ ವಾತಾವರಣಕ್ಕಿಂತ ಕಾಲು ಪಾಲು ಜಾಸ್ತಿ ತುಂಬಿಸಿದ್ದರೆ, ಆ ಜಾಸ್ತಿ ಪಾಲು ಮಾತ್ರ ಲೆಕ್ಕ ಹಾಕಿದಾಗ ಸುಮಾರು ಶೇ. 40 ಏರಿದಂತಾಯಿತು. ದಾರವನ್ನೂ ಅಂಚಿನ ಅಂಟನ್ನೂ ಎಳೆಯುವುದು ಅದೇ. ನೆರಳಿನಲ್ಲೇ ಹಾಸಿ. ತೆಂಗಿನ ಮರದ ನೆರಳು ಮಾತ್ರ ಬೇಡ, ಯಾಕೆ ಅಂತ ನಾನು ಹೇಳಬೇಕಿಲ್ಲ.

ನ್ಯೂಜೆರ್ಸಿಯಿಂದ
ನಮ್ಮಲ್ಲಿ ಲಾನಿನ ಸ್ಪ್ರಿಂಕ್ಲರ್ ತಲೆ ಹುಲ್ಲಿನಲ್ಲಿ ಅಡಗಿರುತ್ತದೆ, ಒಮ್ಮೆ ಅದರ ಮೇಲೇ ಹಾಸಿಬಿಟ್ಟೆವು. ಇನ್ನೊಂದು, ಬೆಳಗಿನ ಇಬ್ಬನಿ. ಒದ್ದೆಯಾದ ಪಿವಿಸಿ ಮೇಲೆ ಕೈಯೂರಿದರೆ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಒರೆಸದೆ ಹತ್ತಿಸಬೇಡಿ. ಸಾಕ್ಸೂ ಬೇಡ, ಬರಿಗಾಲು.

ಮಕ್ಕಳಿಗೆ ಕಲಿಸುವವಳು, ಹುಬ್ಬಳ್ಳಿ
ಎಲ್ಲರೂ ಮ್ಯಾಟ್ ಹಾಳಾಗುವ ಮಾತೇ ಜಾಸ್ತಿ ಹೇಳಿದಿರಿ. ನಾನು ಮಗುವಿನ ಮಾತು ಹೇಳುತ್ತೇನೆ. ಏರ್ ಟ್ರ್ಯಾಕ್ ಇರುವುದು ಮಗುವನ್ನು ಮೇಲಕ್ಕೆ ಎತ್ತಿಕೊಡಲಿಕ್ಕೆ. ಬಿದ್ದಾಗ ಹಿಡಿಯಲಿಕ್ಕೆ ಫೋಮ್ ಮ್ಯಾಟ್ ಬೇರೆಯೇ ಬೇಕು. ಕ್ಲಾಸಿನ ನೆಲಕ್ಕಿಂತ ಇದು ಜಾಸ್ತಿ ಪುಟಿಸುತ್ತದೆ, ಹಾಗಾಗಿ ಮಗು ಅಂದುಕೊಂಡದ್ದಕ್ಕಿಂತ ಮುಂದೆ ಹೋಗಿ ಇಳಿಯುತ್ತದೆ. 3 ಮೀಟರ್ ಅಂದರೆ ಒಂದು ಕಾರ್ಟ್‌ವೀಲ್, ಕಷ್ಟಪಟ್ಟು ಎರಡು. ಮೂರನೆಯದು ಸಿಮೆಂಟ್ ಮೇಲೆಯೇ! ಅರ್ಧ ಕಾಲು ಅಂಚಿನ ಮೇಲೆ, ಅರ್ಧ ಗಾಳಿಯಲ್ಲಿ ಬಂದರೆ ಕಾಲಿನ ಗಂಟು ತಿರುಚುತ್ತದೆ. ನಾನು ಎರಡೂ ತುದಿಗೆ ಫೋಮ್ ಹಾಕಿಸಿ, ಸುತ್ತ ಆರಾರು ಅಡಿ ಖಾಲಿ ಬಿಡಿಸುತ್ತೇನೆ.

ಒಂದು ಸಲಕ್ಕೆ ಒಬ್ಬರೇ. ತಂಗಿ ಅತ್ತ ಹಾರಿದರೆ ಇತ್ತ ಅಕ್ಕನ ಕೈ ಕೆಳಗಿನ ಮ್ಯಾಟ್ ಏಳುತ್ತದೆ. ಗಾಳಿ ಎಷ್ಟಿರಬೇಕು ಅಂದರೆ, ನೀವು ನಡುವೆ ನಿಂತಾಗ ನೆಲ ಕಾಲಿಗೆ ತಾಗಬಾರದು. ಅದಕ್ಕಿಂತ ಗಟ್ಟಿ ಮಾಡಬೇಡಿ.

ಕ್ಲಾಸಿನಲ್ಲಿ ಆಗಲೇ ಬಂದಿರುವುದನ್ನು ಮಾತ್ರ ಮನೆಯಲ್ಲಿ ಮಾಡಿಸಿ. ಹಿಂದಕ್ಕೆ ಹಾರುವುದನ್ನು ವಿಡಿಯೊ ನೋಡಿ ಕಲಿಸಲು ಹೋಗಬೇಡಿ. ಕುತ್ತಿಗೆ ಮೇಲೆ ಬಿದ್ದರೆ ಎತ್ತಿ ಕೂರಿಸಬೇಡಿ, ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ.

ಮೈಸೂರಿನ ಅಮ್ಮ
ಟೆರೇಸ್ ಬಿಟ್ಟೆ. ಹಿಂದಿನ ಹುಲ್ಲು, ಸಂಜೆ ಐದರ ಮೇಲೆ, ನಾನು ಪಕ್ಕದಲ್ಲಿದ್ದಾಗ ಮಾತ್ರ. ಆದರೆ ಪಂಪಿಗೆ ಎಕ್ಸ್‌ಟೆನ್ಷನ್ ವೈರ್ ಹುಲ್ಲಿನ ಮೇಲೆ ಎಳೆಯಬೇಕು. ಅದು ಸರಿನಾ?

ದಾವಣಗೆರೆ ಮೇಷ್ಟ್ರು
ಹುಲ್ಲು ಒದ್ದೆ ಇದ್ದರೆ ಬೇಡ. ಒಳಗೇ, ಪ್ಲಗ್ ಹತ್ತಿರ ತುಂಬಿಸಿ ಇಬ್ಬರು ಹೊತ್ತುಕೊಂಡು ಹೋಗಿ. ಬಾಗಿಲಲ್ಲಿ ಅಂಚಿನ ಮೇಲೆ ನಿಲ್ಲಿಸಿ ಹಿಡಿದರೆ ಆರಾಮಾಗಿ ಹೋಗುತ್ತದೆ.